ಕಾರ್ಡೀಲಿಯ ಮಾಡಿದ ತಪ್ಪೇನು? 'ಕಿಂಗ್ ಲಿಯರ್' ಕೊನೆಯ ದೃಶ್ಯದ ಬಗ್ಗೆ ಒಂದು ಚರ್ಚೆ

ಮಳೆಬೆಳಕು:

ಪದವಿ ತರಗತಿಗೆ ಷೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ಪಾಠ ಮಾಡುತ್ತಿದ್ದೇನೆ. ಓದದವರಿಗೆ ಕಥೆ ಇಷ್ಟು: ಮುದಿ ದೊರೆ ಲಿಯರ್ ತನ್ನ ಮೇಲೆ ಎಷ್ಟು ಪ್ರೀತಿ ಅಂತ ಹೇಳಿಸಿ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಕೂರುತ್ತಾನೆ. ಕಿರಿಯವಳು ಕಾರ್ಡೀಲಿಯ ಹೇಳಲು 'ಏನೂ ಇಲ್ಲ' ಅಂದು ಹೊರಗಾಗುತ್ತಾಳೆ. ಪಾಲು ಪಡೆದ ಅಕ್ಕಂದಿರು ಅಪ್ಪನನ್ನು ಬೀದಿಪಾಲು ಮಾಡಿದಾಗ ಅವಳೇ ಸೈನ್ಯದೊಂದಿಗೆ ಕಾಪಾಡಲು ಬರುತ್ತಾಳೆ. ಹೋದ ವಾರ ಕಿರುಪರೀಕ್ಷೆಯ ಪತ್ರಿಕೆ ತಿದ್ದಲು ಕೂತರೆ ಮುಕ್ಕಾಲು ಪಾಲು ಮಕ್ಕಳು ಒಂದೇ ವಾಕ್ಯ ಬರೆದಿದ್ದಾರೆ: "ಕಾರ್ಡೀಲಿಯಳ ದುರಂತ ದೋಷ ಅವಳ ಹಠ, ಅದರ ಫಲವೇ ಸಾವು." ಎಲ್ಲಿಂದ ಬಂತು ಅಂತ ನೋಡಿದರೆ ಗೈಡ್. ಲಿಯರ್‌ಗೆ ಒಂದು ದೋಷ, ಅವನ ಆಸ್ಥಾನದ ಗ್ಲಾಸ್ಟರ್‌ಗೆ ಒಂದು, ಕಾರ್ಡೀಲಿಯಳಿಗೆ ಒಂದು ಅಂತ ಅದರಲ್ಲಿ ಪಟ್ಟಿಯೇ ಇದೆ.

ಪತ್ರಿಕೆ ವಾಪಸ್ ಕೊಡುವಾಗ ಕೊನೆ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಅಪ್ಪನ ಮುಂದೆ ಒಂದು ಮಾತು ಜಾಸ್ತಿ ಆಡಲಿಲ್ಲ ಅಂತ ನೇಣಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳ ಪ್ರಶ್ನೆ ಸರಿಯಾಗಿದೆ, ಪಟ್ಟಿ ತಪ್ಪಾಗಿದೆ ಅಂತ ಮಾತ್ರ ಗೊತ್ತಾಯಿತು.

ಈ 'ದುರಂತ ದೋಷ'ಕ್ಕೆ ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯ 13ನೇ ಅಧ್ಯಾಯದಲ್ಲಿ ಬಳಸುವ ಪದ 'ಹಮಾರ್ಟಿಯ'. ಬಿಟ್ಟ ಬಾಣ ಗುರಿ ತಪ್ಪಿತು ಅನ್ನುವ ಅರ್ಥ ಅದರ ಬೇರಿನಲ್ಲೇ ಇದೆ. ಅದು ನಮ್ಮ ತರಗತಿಗೆ ಬರುವಷ್ಟರಲ್ಲಿ 'ಸ್ವಭಾವದ ದೋಷ' ಆಗಿ, ಆಮೇಲೆ 'ಮಾಡಿದ್ದುಣ್ಣೋ ಮಹರಾಯ' ಆಗಿಬಿಟ್ಟಿದೆ. ಲಿಯರ್ ವಿಷಯದಲ್ಲಾದರೂ ಹೇಗೋ ಹೊಂದಿಸಬಹುದು. ಐದಂಕದ ನಾಟಕದಲ್ಲಿ ನಾಲ್ಕೇ ದೃಶ್ಯಗಳಲ್ಲಿ ಮಾತಾಡಿ ಐದನೇ ಅಂಕದಲ್ಲಿ ಸೆರೆಮನೆಯಲ್ಲಿ ನೇಣಿಗೆ ಹೋಗುವ ಆ ಮಗುವಿಗೆ ಇದನ್ನು ಹೇಗೆ ಅಂಟಿಸುವುದು? ನಾಟಕವೇ ಈ ಲೆಕ್ಕವನ್ನು ಬೇಕೆಂದೇ ಮುರಿಯುತ್ತದೆ ಅಂತ ನನಗನ್ನಿಸುತ್ತದೆ. ಓದಿದವರು, ಆಡಿದವರು ಹೇಳಿ.

ಕಟ್ಟೆಮನೆ:

ಮೇಡಂ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ನಾನು ಮೂವತ್ತು ವರ್ಷ ಇದೇ ಪಾಠ ಮಾಡಿ ನಿವೃತ್ತನಾದವನು. ಮೊದಮೊದಲು ನಾನೂ ಆ ಪಟ್ಟಿಯನ್ನೇ ಬರೆಸಿದ್ದೆ, ಅದಕ್ಕೆ ಈಗಲೂ ಬೇಸರವಿದೆ.

ಒಂದು ವಿಷಯ ನೆನಪಿಡಬೇಕು. ಕಾರ್ಡೀಲಿಯ ಅಪ್ಪನಿಗಿಂತ ಮುಂಚೆ ಸಾಯುವುದು ಷೇಕ್ಸ್‌ಪಿಯರ್‌ನ ಕೈಗೆ ಬಂದ ಕಥೆಯಲ್ಲಿ ಇರಲೇ ಇಲ್ಲ. ಅವನಿಗಿಂತ ಮುಂಚೆ 'ಕಿಂಗ್ ಲೀರ್' ಅನ್ನುವ ಹಳೆಯ ನಾಟಕವೊಂದಿತ್ತು, 1605ರಲ್ಲಿ ಅಚ್ಚಾಯಿತು. ಅದರಲ್ಲಿ ಮಗಳು ಗೆಲ್ಲುತ್ತಾಳೆ, ಅಪ್ಪನಿಗೆ ರಾಜ್ಯ ಸಿಗುತ್ತದೆ, ಎಲ್ಲರೂ ಬದುಕಿರುತ್ತಾರೆ. ಷೇಕ್ಸ್‌ಪಿಯರ್ ಬಳಸಿದ ಹಾಲಿನ್‌ಷೆಡ್‌ನ ಇತಿಹಾಸದಲ್ಲೂ ಲಿಯರ್ ಮತ್ತೆ ಪಟ್ಟಕ್ಕೆ ಬಂದು, ಆಳಿ, ಕಾಲವಾಗುತ್ತಾನೆ. ಕಾರ್ಡೀಲಿಯ ರಾಣಿಯಾಗುತ್ತಾಳೆ. ಎಷ್ಟೋ ವರ್ಷದ ಮೇಲೆ ಅಕ್ಕಂದಿರ ಮಕ್ಕಳು ದಂಗೆ ಎದ್ದು ಅವಳನ್ನು ಸೆರೆಗೆ ಹಾಕಿದಾಗ ಅಲ್ಲಿ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ.

ಷೇಕ್ಸ್‌ಪಿಯರ್ ಆ ದೂರದ ಸಾವನ್ನು ಎಳೆದು ತಂದು ಅಪ್ಪನ ತೋಳಿನಲ್ಲಿ ಇಟ್ಟ. ಇನ್ನೊಂದು ಸಂಗತಿ ನೋಡಿ. ಅವಳು ಹತಾಶೆಯಿಂದ ತಾನೇ ನೇಣು ಹಾಕಿಕೊಂಡಳು ಅಂತ ಸುದ್ದಿ ಹಬ್ಬಿಸುವ ಹಂಚಿಕೆ ಅಕ್ಕಂದಿರ ಕಡೆ ಸೇರಿದ ಗ್ಲಾಸ್ಟರ್‌ನ ಮಗ ಎಡ್ಮಂಡ್‌ನದು, ಸಾಯುವ ಮುಂಚೆ ಅವನೇ ಒಪ್ಪಿಕೊಳ್ಳುತ್ತಾನೆ. ಇತಿಹಾಸದ ಪುಸ್ತಕದಲ್ಲಿ ನಿಜವೆಂದು ಬರೆದದ್ದನ್ನು ನಾಟಕಕಾರ ಒಬ್ಬ ದುಷ್ಟನ ಕಟ್ಟುಕಥೆ ಮಾಡಿದ್ದಾನೆ. ಆ ಕಥೆ ಬಲ್ಲ ಪ್ರೇಕ್ಷಕರಿಗೆ ಇದು ಹೇಗೆ ಕೇಳಿಸಿರಬೇಕು ಅಂತ ಯೋಚಿಸಿ.

1606ರ ಡಿಸೆಂಬರ್ 26ರಂದು ವೈಟ್‌ಹಾಲ್ ಅರಮನೆಯಲ್ಲಿ ದೊರೆ ಜೇಮ್ಸ್ ಎದುರು ಇದನ್ನು ಆಡಿದರು. ಕ್ರಿಸ್‌ಮಸ್‌ನ ಮಾರನೇ ರಾತ್ರಿ. ಹಬ್ಬದ ದಿನ ಇಂಥ ಕೊನೆ.

ಸಾಧನಕೇರಿ:

ಮೇಡಂ ಅವರ, ಗೈಡಿನ ಮ್ಯಾಲಿನ ಸಿಟ್ಟು ಖರೆ ಐತ್ರಿ, ನಂದೂ ಅದ ಸಿಟ್ಟು. ಆದ್ರ ಆ ಸಿಟ್ಟಿನಾಗ ಕಾರ್ಡೀಲಿಯಳನ್ನ ದೇವರ ಜಗಲಿ ಮ್ಯಾಲೆ ಕುಂಡ್ರಿಸಬ್ಯಾಡ್ರಿ. ಮೊದಲನೇ ದೃಶ್ಯ ಇನ್ನೊಮ್ಮೆ ಓದ್ರಿ. ಎಂಬತ್ತು ದಾಟಿದ ಮುದುಕ, ಇಡೀ ದರ್ಬಾರದ ಮುಂದ ಕುಂತಾನ. ಬಾಯಿಲೆ ಎರಡು ಮಾತು ಕೇಳಾಕತ್ತಾನ. ಆಕಿ ಏನಂತಾಳ? "ಕರ್ತವ್ಯ ಎಷ್ಟೈತೋ ಅಷ್ಟು ಪ್ರೀತಿ ಮಾಡ್ತೀನಿ, ಹೆಚ್ಚಿಲ್ಲ, ಕಡಿಮಿ ಇಲ್ಲ." ಅಷ್ಟಕ್ಕ ನಿಲ್ಲಿಸೂದಿಲ್ಲ. ನಾ ಲಗ್ನ ಆದ ಮ್ಯಾಲೆ ನನ್ನ ಪ್ರೀತಿ ಅರ್ಧ ಗಂಡನ ಪಾಲಿಗೆ ಹೋಗ್ತೈತಿ ಅಂತಾಳ. ಅಪ್ಪ ಪ್ರೀತಿ ಅಳದು ಭೂಮಿ ಹಂಚಾಕತ್ತಿದ್ದ ತಪ್ಪು ಅಂದ್ರ, ಮಗಳೂ ಅದೇ ತಕ್ಕಡಿ ಹಿಡದಾಳ ನೋಡ್ರಿ.

ಇದು ನಾ ಒಬ್ಬನ ಹೇಳೂದಲ್ಲ. ಆಕಿಯ ಆ 'ಏನೂ ಇಲ್ಲ' ಅನ್ನೂದರಾಗ ಗರ್ವ ಮತ್ತ ಮುನಿಸು ಚೂರು ಬೆರತೈತಿ ಅಂತ ಇಂಗ್ಲಿಷ್ ಕವಿ ಕೋಲ್‌ರಿಜ್‌ನೂ ಬರದಾನ. ಆಕಿ ಆ ಅಪ್ಪನ ಮಗಳ ಹೌದು, ಅದಕ್ಕ ಇಬ್ಬರಿಗೂ ಬಗ್ಗಾಕ ಬರೂದಿಲ್ಲ. ಆ ಹೋಲಿಕಿ ತಗದುಬಿಟ್ರ ನಾಟಕ ಬಡವಾಗ್ತೈತ್ರಿ.

ಮಳೆಬೆಳಕು:

ಸಾಧನಕೇರಿ ಅವರೇ, ನಿಮ್ಮ ಮಾತು ಪೂರ್ತಿ ಒಪ್ಪಿದೆ. ಅವಳಿಗೆ ತಪ್ಪೇ ಇಲ್ಲ ಅಂತ ನಾನೂ ಹೇಳುವುದಿಲ್ಲ. "ಇಷ್ಟು ಚಿಕ್ಕವಳು, ಇಷ್ಟು ಕಠಿಣವಾ?" ಅಂತ ಅಪ್ಪ ಕೇಳಿದಾಗ "ಇಷ್ಟು ಚಿಕ್ಕವಳು, ನಿಜ ಹೇಳುವವಳು" ಅನ್ನುತ್ತಾಳಲ್ಲ, ಆ ಉತ್ತರದಲ್ಲಿ ಸೆಟೆದ ಕತ್ತು ಕಾಣುತ್ತದೆ. ನಾನು ಕೇಳುತ್ತಿರುವುದು ಬೇರೆ. ಆ ತಪ್ಪಿಗೂ ಈ ಸಾವಿಗೂ ನಡುವೆ ದಾರ ಎಲ್ಲಿದೆ?

ಅವಳು ಹೇಗೆ ಸಾಯುತ್ತಾಳೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯುದ್ಧ ಸೋತು ಅಪ್ಪ ಮಗಳು ಸೆರೆ ಸಿಕ್ಕರು. ಎಡ್ಮಂಡ್ ಒಂದು ಚೀಟಿ ಬರೆದು ದಳಪತಿಯ ಕೈಗೆ ಕೊಟ್ಟು ಕಳಿಸುತ್ತಾನೆ. ಅದು ಕೊಲೆಯ ಆಜ್ಞೆ. ಆಮೇಲೆ ರಂಗದ ಮೇಲೆ ಏನೇನೋ ನಡೆಯುತ್ತದೆ. ಅಣ್ಣ ಎಡ್ಗರ್ ಬಂದು ತಮ್ಮನನ್ನು ದ್ವಂದ್ವಯುದ್ಧದಲ್ಲಿ ಬೀಳಿಸುತ್ತಾನೆ. ಬಿದ್ದವನ ಪಕ್ಕ ನಿಂತು ಅಪ್ಪ ಗ್ಲಾಸ್ಟರ್ ಸತ್ತ ಕಥೆ ಹೇಳುತ್ತಾನೆ. ಎಡ್ಮಂಡ್‌ಗೆ ಮನಸ್ಸು ಕರಗುತ್ತದೆ. "ನಿನ್ನ ಮಾತು ನನ್ನನ್ನು ಅಲುಗಾಡಿಸಿತು, ಏನಾದರೂ ಒಳ್ಳೆಯದಾದೀತು, ಮುಂದೆ ಹೇಳು" ಅನ್ನುತ್ತಾನೆ. ಆ ಕ್ಷಣ ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಹೇಳುವುದಿಲ್ಲ. ಅಷ್ಟರಲ್ಲಿ ರಕ್ತದ ಚಾಕು ಹಿಡಿದು ಒಬ್ಬ ಓಡಿಬರುತ್ತಾನೆ: ಲಿಯರ್‌ನ ಹಿರಿಯ ಮಗಳು ಗಾನರಿಲ್ ನಡುವಿನ ತಂಗಿ ರೀಗನ್‌ಗೆ ವಿಷ ಹಾಕಿ ತಾನೂ ಇರಿದುಕೊಂಡು ಸತ್ತಳು. ಆಮೇಲೆ ಲಿಯರ್‌ನ ನಿಷ್ಠಾವಂತ ಕೆಂಟ್ ಬರುತ್ತಾನೆ, ನನ್ನ ದೊರೆಗೆ ಕೊನೆಯ ನಮಸ್ಕಾರ ಹೇಳಲು ಬಂದೆ, ಅವನಿಲ್ಲಿ ಇಲ್ಲವೇ ಅಂತ ಕೇಳುತ್ತಾನೆ.

ಆಗ ಗಾನರಿಲ್‌ಳ ಗಂಡ ಆಲ್ಬನಿಗೆ ನೆನಪಾಗುತ್ತದೆ. "ಎಂಥ ದೊಡ್ಡ ವಿಷಯ ಮರೆತೇಬಿಟ್ಟೆವು!"

ಮರೆತರು. ಅಷ್ಟೇ ಕಾರಣ. ಅಲ್ಲಿಂದ ಓಡಿದರು, ಎಡ್ಮಂಡ್ ಗುರುತಿಗೆ ಕತ್ತಿ ಕೊಟ್ಟು ಕಳಿಸಿದ. ಆಲ್ಬನಿ "ದೇವರುಗಳು ಅವಳನ್ನು ಕಾಪಾಡಲಿ" ಅನ್ನುತ್ತಾನೆ. ಮುಂದಿನ ರಂಗಸೂಚನೆಯೇ ಲಿಯರ್ ಅವಳನ್ನು ತೋಳಿನಲ್ಲಿ ಹೊತ್ತು ಬರುವುದು. ಆ ಎರಡು ಸಾಲಿನ ನಡುವೆ ಉಸಿರಾಡುವಷ್ಟೂ ಜಾಗ ಬಿಟ್ಟಿಲ್ಲ.

ಗರ್ವಕ್ಕೆ ಫಲ ಅನ್ನುವವರು ಈ ಮರೆವನ್ನು ಎಲ್ಲಿ ಇಡುತ್ತಾರೆ?

ಕಟ್ಟೆಮನೆ:

ಈ ಪ್ರಶ್ನೆ ಇಂಗ್ಲೆಂಡಿನವರನ್ನೇ ನೂರೈವತ್ತು ವರ್ಷ ಕಾಡಿದೆ ಮೇಡಂ. ಒಳ್ಳೆಯವರಿಗೆ ಒಳ್ಳೆಯದು, ಕೆಟ್ಟವರಿಗೆ ಕೆಟ್ಟದ್ದು ಆಗಲೇಬೇಕು ಅನ್ನುವ 'ಕಾವ್ಯನ್ಯಾಯ' ಎಂಬ ಮಾತನ್ನು ವಿಮರ್ಶಕ ಥಾಮಸ್ ರೈಮರ್ 1678ರಲ್ಲಿ ಹುಟ್ಟುಹಾಕಿದ. ಮೂರು ವರ್ಷಕ್ಕೆ, 1681ರಲ್ಲಿ, ಕವಿ ನಹಮ್ ಟೇಟ್ ಲಿಯರ್ ನಾಟಕವನ್ನೇ ತಿದ್ದಿ ಬರೆದ. ಅದರಲ್ಲಿ ಕಾರ್ಡೀಲಿಯ ಬದುಕುತ್ತಾಳೆ, ಎಡ್ಗರ್‌ನನ್ನು ಮದುವೆಯಾಗುತ್ತಾಳೆ, ಲಿಯರ್‌ಗೆ ಸಿಂಹಾಸನ ವಾಪಸ್ ಬರುತ್ತದೆ. ಲಿಯರ್‌ನ ಜೊತೆಗಿರುವ ವಿದೂಷಕನ ಪಾತ್ರವೇ ಇಲ್ಲ. ಗ್ಯಾರಿಕ್‌ನಂಥ ಮಹಾನಟ ಆಡಿದ್ದೂ ಟೇಟ್ ಕೊಟ್ಟ ಸುಖಾಂತವನ್ನೇ. ಪ್ರಬಂಧಕಾರ ಅಡಿಸನ್ ಒಬ್ಬ 1711ರಲ್ಲಿ, ಹೀಗೆ ತಿದ್ದಿದ ಮೇಲೆ ನಾಟಕದ ಅರ್ಧ ಸೌಂದರ್ಯವೇ ಹೋಯಿತು ಅಂತ ಬರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರ್ ಜಾನ್ಸನ್‌ನ ಮಾತು ನನಗೆ ಬಹಳ ಮುಖ್ಯ. ಕಾರ್ಡೀಲಿಯಳ ಸಾವು ಓದಿ ಎಷ್ಟು ಕಂಗೆಟ್ಟೆನೆಂದರೆ, ಸಂಪಾದಕನಾಗಿ ತಿದ್ದಲೇಬೇಕಾಗಿ ಬರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಿದೆನೋ ಇಲ್ಲವೋ ಅಂತ 1765ರ ಆವೃತ್ತಿಯಲ್ಲಿ ಬರೆದಿದ್ದಾನೆ. ಟೇಟ್ ಕೊಟ್ಟ ಕೊನೆಯನ್ನೇ ಜನ ಮೆಚ್ಚಿದ್ದಾರೆ ಅಂತಲೂ ಹೇಳುತ್ತಾನೆ. ನಾನು ಹುಡುಗನಾಗಿದ್ದಾಗ ಇದನ್ನು ಓದಿ, ಇಂಥ ದೊಡ್ಡ ವಿಮರ್ಶಕನಿಗೆ ಇದು ಅರ್ಥವಾಗಲಿಲ್ಲವೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಸಾವಿಗೆ ಕಾರಣ ಹುಡುಕಿ ಸಮಾಧಾನ ಮಾಡಿಕೊಳ್ಳದೆ, ತಡೆಯಲಾಗಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದವನು ಅವನು. 'ಅವಳ ದೋಷ ಹಠ' ಅಂತ ಎರಡು ಅಂಕ ಪಡೆಯುವ ಉತ್ತರಕ್ಕಿಂತ ಜಾನ್ಸನ್ ಪುಸ್ತಕ ಮುಚ್ಚಿಟ್ಟದ್ದು ಒಳ್ಳೆಯ ವಿಮರ್ಶೆ.

1810ರಿಂದ 1820ರವರೆಗೆ ಈ ನಾಟಕ ಲಂಡನ್ನಿನ ರಂಗದ ಮೇಲೆ ಬರಲೇ ಇಲ್ಲ. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿಭ್ರಮಣೆ ಆಗಿತ್ತು, ಹುಚ್ಚು ರಾಜನನ್ನು ತೋರಿಸುವುದು ಹೇಗೆ? 1823ರಲ್ಲಿ ನಟ ಎಡ್ಮಂಡ್ ಕೀನ್ ದುರಂತದ ಕೊನೆಯನ್ನು ವಾಪಸ್ ತಂದ. 1838ರಲ್ಲಿ ಮ್ಯಾಕ್ರೆಡಿ ವಿದೂಷಕನನ್ನೂ ಕರೆತಂದ, ಆ ಪಾತ್ರ ಮಾಡಿದ್ದು ಒಬ್ಬ ನಟಿ.

ಹಳೆಪುಸ್ತಕ:

ಎಲ್ಲರೂ 'ಕೊನೆಯ ದೃಶ್ಯ' ಅಂತ ಒಂದೇ ಇದ್ದ ಹಾಗೆ ಮಾತಾಡುತ್ತಿದ್ದೀರಿ. ಎರಡಿವೆ, ಅದು ಇಲ್ಲಿ ಬರಲೇಬೇಕು.

1608ರಲ್ಲಿ ಅಚ್ಚಾದ, ಚಿಕ್ಕ ಆಕಾರದ 'ಕ್ವಾರ್ಟೊ' ಪ್ರತಿ ಒಂದು, 1623ರ ದೊಡ್ಡ ಆಕಾರದ ನಾಟಕ ಸಂಕಲನ 'ಫೋಲಿಯೊ' ಇನ್ನೊಂದು. ಕ್ವಾರ್ಟೊದ ಸುಮಾರು 300 ಸಾಲು ಫೋಲಿಯೊದಲ್ಲಿಲ್ಲ, ಫೋಲಿಯೊದ ಸುಮಾರು 100 ಸಾಲು ಕ್ವಾರ್ಟೊದಲ್ಲಿಲ್ಲ. ಎರಡನ್ನೂ ಬೆರೆಸಿ ಒಂದೇ ಮಾಡಿ ಅಚ್ಚು ಹಾಕುವುದು ಹಳೆಯ ರೂಢಿ. 1986ರ ಆಕ್ಸ್‌ಫರ್ಡ್ ಆವೃತ್ತಿ ಎರಡು ಬೇರೆ ನಾಟಕ ಎಂದೇ ಅಚ್ಚು ಹಾಕಿತು.

ಲಿಯರ್ ಸಾಯುವ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಗಳಿಗೆ 'ನೀನಿನ್ನು ಬರಲಾರೆ' ಅನ್ನುವ ಕಡೆ ಕ್ವಾರ್ಟೊದಲ್ಲಿ 'ನೆವರ್' ಮೂರು ಸಲ. ಗುಂಡಿ ಬಿಚ್ಚು ಅಂತ ಕೇಳಿ, ಥ್ಯಾಂಕ್ಸ್ ಹೇಳಿ, "ಓ, ಓ, ಓ, ಓ" ಅಂತ ನರಳುತ್ತಾನೆ. "ಎದೆಯೇ, ಒಡೆದುಹೋಗು" ಅನ್ನುವ ಮಾತೂ ಅವನದೇ. ಫೋಲಿಯೊದಲ್ಲಿ 'ನೆವರ್' ಐದು ಸಲ. ಎದೆ ಒಡೆಯುವ ಮಾತು ಕೆಂಟ್‌ಗೆ ಹೋಗಿದೆ. ಲಿಯರ್‌ಗೆ ಹೊಸ ಸಾಲು ಬಂದಿದೆ: "ಕಾಣ್ತಾ? ಅವಳನ್ನ ನೋಡಿ, ನೋಡಿ, ಅವಳ ತುಟಿ, ಅಲ್ಲಿ ನೋಡಿ, ಅಲ್ಲಿ ನೋಡಿ!" ಅಷ್ಟು ಹೇಳಿ ಸಾಯುತ್ತಾನೆ.

1904ರಲ್ಲಿ ವಿಮರ್ಶಕ ಬ್ರ್ಯಾಡ್ಲಿ, ಲಿಯರ್ ಸಂತೋಷದಿಂದ ಸಾಯುತ್ತಾನೆ, ಅವಳು ಉಸಿರಾಡಿದಳು ಅಂತ ನಂಬಿ ಸಾಯುತ್ತಾನೆ ಅಂತ ವಾದ ಮಾಡಿದ್ದು ಈ ಫೋಲಿಯೊ ಸಾಲಿನ ಮೇಲೆ. ಕ್ವಾರ್ಟೊ ಮಾತ್ರ ಓದಿದವರಿಗೆ ಆ ವಾದಕ್ಕೆ ಆಧಾರವೇ ಇಲ್ಲ, ಅಲ್ಲಿರುವುದು ಬರೀ ನರಳಾಟ.

ಮಳೆಬೆಳಕು ಅವರು ಚೀಟಿ ತೆಗೆದುಕೊಂಡು ಹೋದ ದಳಪತಿಯ ವಿಷಯ ಎತ್ತಿದರು. ಕ್ವಾರ್ಟೊದಲ್ಲಿ ಅವನಿಗೊಂದು ಮಾತಿದೆ: "ಗಾಡಿ ಎಳೆಯಲಾರೆ, ಒಣ ಧಾನ್ಯ ತಿನ್ನಲಾರೆ. ಮನುಷ್ಯರು ಮಾಡುವ ಕೆಲಸವಾದರೆ ಮಾಡುತ್ತೇನೆ." ಕುದುರೆಯಲ್ಲ ನಾನು ಮನುಷ್ಯ ಅಂತ ಹೇಳಿ ಹೋಗಿ ಆ ಹುಡುಗಿಯನ್ನು ನೇಣಿಗೆ ಹಾಕುತ್ತಾನೆ. ಆಮೇಲೆ ಲಿಯರ್ ಕೇಳುವುದೂ ಅದನ್ನೇ: ನಾಯಿಗೆ, ಕುದುರೆಗೆ, ಇಲಿಗೆ ಜೀವ ಇದೆ, ನಿನಗೆ ಯಾಕೆ ಉಸಿರಿಲ್ಲ? ಫೋಲಿಯೊದಲ್ಲಿ ದಳಪತಿಯ ಮಾತು ಬಿಟ್ಟುಹೋಗಿದೆ. ನನಗೆ ಅದೊಂದು ನಷ್ಟ.

ರಂಗದ ಹಿಂದೆ:

ಇಷ್ಟು ದಿನ ಓದುತ್ತಾ ಮಾತ್ರ ಇದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ನಮ್ಮದು ಚಿಕ್ಕ ಹವ್ಯಾಸಿ ತಂಡ. ಹಗಲು ಎಲ್ಲರಿಗೂ ಕೆಲಸ, ತಾಲೀಮು ಶನಿವಾರ ಭಾನುವಾರ. ಮಳೆಗಾಲ ಮುಗಿದ ಮೇಲೆ ಲಿಯರ್ ಆಡುವ ಯೋಚನೆ. ಮಾಸ್ತಿಯವರ ಅನುವಾದ ಇದೆ, ಓದಿಕೊಂಡಿದ್ದೇವೆ. ನಮ್ಮ ನಟರ ಬಾಯಿಗೆ ಹೊಂದುವ ಹಾಗೆ ನಾವೇ ಬರೆದುಕೊಳ್ಳೋಣ ಅಂತ ಕೂತಿದ್ದೇವೆ.

ನಾನು ಸಿಕ್ಕಿಹಾಕಿಕೊಂಡಿರುವುದು ಆ ಐದು 'ನೆವರ್'ಗಳಲ್ಲಿ. ಮೊದಲು "ಇನ್ನೆಂದೂ ಬರಲಾರೆ, ಎಂದೆಂದೂ ಬರಲಾರೆ" ಅಂತ ಬರೆದೆ. ನಟ ಹೇಳಿದರೆ ಭಾವಗೀತೆ ಆಗಿಬಿಡುತ್ತದೆ. ಮಗಳ ಹೆಣ ತೊಡೆಯ ಮೇಲೆ ಇಟ್ಟುಕೊಂಡವನು ಹಾಗೆ ಮಾತಾಡುವುದಿಲ್ಲ. 'ಎಂದಿಗೂ' ಅನ್ನುವ ಪದ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ಹಿಂದೆ ಒಂದು ಕ್ರಿಯಾಪದ ಕೇಳುತ್ತದೆ.

ಒಂದು ರಾತ್ರಿ ಸುಮ್ಮನೆ ಎಲ್ಲ ಅಳಿಸಿ "ಇಲ್ಲ" ಅಂತ ಐದು ಸಲ ಬರೆದೆ.

ಇಲ್ಲ, ಇಲ್ಲ, ಇಲ್ಲ, ಇಲ್ಲ, ಇಲ್ಲ.

ಬರೆದ ಮೇಲೆ ಮೊದಲನೇ ದೃಶ್ಯದ ಹಾಳೆ ತೆಗೆದು ನೋಡಿದೆ. "ಅಕ್ಕಂದಿರಿಗಿಂತ ಒಳ್ಳೆ ಪಾಲು ಪಡೆಯೋಕೆ ನೀನೇನು ಹೇಳ್ತೀಯ?" "ಏನೂ ಇಲ್ಲ, ಪ್ರಭು." "ಏನೂ ಇಲ್ಲ?" "ಏನೂ ಇಲ್ಲ." "ಇಲ್ಲದ್ದರಿಂದ ಇಲ್ಲದ್ದೇ ಹುಟ್ಟೋದು. ಇನ್ನೊಮ್ಮೆ ಹೇಳು." ಇಂಗ್ಲಿಷಿನಲ್ಲಿ 'ನಥಿಂಗ್' ಬೇರೆ ಪದ, 'ನೆವರ್' ಬೇರೆ ಪದ. ಕನ್ನಡದಲ್ಲಿ ಎರಡೂ 'ಇಲ್ಲ'. ಮಗಳು ಮೊದಲ ದೃಶ್ಯದಲ್ಲಿ ಹೇಳಿದ ಮಾತನ್ನೇ ಅಪ್ಪ ಕೊನೆಯ ದೃಶ್ಯದಲ್ಲಿ ಅವಳಿಗೆ ಹೇಳಿದ ಹಾಗಾಗುತ್ತದೆ. ಇದು ಸರಿಯೋ, ಅನುವಾದಕನ ಅತಿಯಾಸೆಯೋ, ತಿಳಿದವರು ಹೇಳಬೇಕು.

ಮಳೆಬೆಳಕು:

ಮೈ ಜುಂ ಅಂತು. ಛಂದಸ್ಸಿನ ದೃಷ್ಟಿಯಿಂದಲೂ ಇದು ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಷೇಕ್ಸ್‌ಪಿಯರ್‌ನ ಸಾಲಿನ ನಡಿಗೆ ಸಾಮಾನ್ಯವಾಗಿ ಮೆಲ್ಲನೆಯ ಉಚ್ಚಾರ ಮೊದಲು, ಒತ್ತು ಆಮೇಲೆ. ಐದು 'ನೆವರ್' ಬರುವ ಸಾಲಿನಲ್ಲಿ ಅದು ಪೂರ್ತಿ ತಿರುಗುಮುರುಗು. ಒತ್ತು ಮೊದಲು, ಇಳಿಯುವುದು ಆಮೇಲೆ, ಐದಕ್ಕೆ ಐದೂ ಸಲ. ನಾಟಕದ ಉಸಿರೇ ಹಿಂದುಮುಂದಾಗುತ್ತದೆ. ನಮ್ಮ 'ಇಲ್ಲ' ಗುರು-ಲಘು. ಮೊದಲು ಭಾರ, ಆಮೇಲೆ ಬೀಳು. ಹುಡುಕಿದರೂ ಇದಕ್ಕಿಂತ ಹೊಂದುವ ಪದ ಸಿಗದು.

ಸಾಧನಕೇರಿ:

ಪದ ಭೇಷ್ ಐತ್ರಿ, ಆದ್ರ ಒಂದು ಎಚ್ಚರಿಕಿ. ಗುರು-ಲಘು ಅಂದ್ರ ಮೂರು ಮಾತ್ರೆ. ಮೂರು ಮಾತ್ರೆಯ ಗಣ ಸಾಲಾಗಿ ಐದು ಬಂದ್ರ ಉತ್ಸಾಹ ಲಯ ಆಗ್ತೈತಿ. ಅದು ಕುಣಿಯೂ ಲಯ. ನಿಮ್ಮ ನಟ ಒಂದ ಸಮ ಹೇಳಿದ್ರ ಕೋಲಾಟದ ಹೆಜ್ಜಿ ಆದೀತು. ಒಂದೊಂದು 'ಇಲ್ಲ'ದ ನಡುವ ಮೌನ ಬೇಕು, ಅದೂ ಒಂದ ಅಳತಿದು ಅಲ್ಲ.

ಮತ್ತ 'ಶೂನ್ಯ', 'ಬಯಲು' ಅಂತ ಯಾರರ ಸೂಚಿಸಿದ್ರ ಒಪ್ಪಬ್ಯಾಡ್ರಿ. ಅಲ್ಲಮನ ಬಯಲಿಗೂ ಲಿಯರನ ಇಲ್ಲಕ್ಕೂ ಸಂಬಂಧ ಇಲ್ಲ. ಅಲ್ಲಮನ ಬಯಲು ತುಂಬಿದ್ದು. ಲಿಯರನ ವಿದೂಷಕ ಹೇಳೂದು, ನೀ ಈಗ ಹಿಂದ ಮುಂದ ಅಂಕಿ ಇಲ್ಲದ ಬರೇ ಸೊನ್ನಿ ಅಂತ. ಅದು ಲೆಕ್ಕದ ಹಲಗಿ ಮ್ಯಾಲಿನ ಸೊನ್ನಿ.

ಹಳೆಪುಸ್ತಕ:

ಅನುವಾದಕನ ಅತಿಯಾಸೆ ಅಂತ ನನಗನ್ನಿಸುವುದಿಲ್ಲ. ಮೂಲದಲ್ಲೇ ಆ ಸಾಲಿಗೆ ಮುಂಚೆ "ನೋ, ನೋ, ನೋ ಲೈಫ್" ಅಂತ ಬರುತ್ತದೆ. ಇಂಗ್ಲಿಷಿನಲ್ಲೂ ನಕಾರ ನ-ಕಾರದಿಂದ ನ-ಕಾರಕ್ಕೆ ಉರುಳುತ್ತಾ ಬರುತ್ತದೆ. ನೀವು ಅದನ್ನು ಕನ್ನಡದ ದಾರಿಯಲ್ಲಿ ಮಾಡಿದ್ದೀರಿ.

ಒಂದು ಪ್ರಶ್ನೆ. ಅದೇ ಮಾತಿನ ಮೊದಲ ತುಂಡು, "ಅಂಡ್ ಮೈ ಪೂರ್ ಫೂಲ್ ಈಸ್ ಹ್ಯಾಂಗ್ಡ್", ಅದನ್ನೇನು ಮಾಡಿದಿರಿ? 'ಫೂಲ್' ಅಂದರೆ ಪೆದ್ದ ಅಂತಲೂ ಹೌದು, ವಿದೂಷಕ ಅಂತಲೂ ಹೌದು; ಇಲ್ಲಿ ಅದು ಯಾರು ಅನ್ನುವುದು ದೊಡ್ಡ ಜಗಳ. ಆ ಕಾಲದಲ್ಲಿ ಮುದ್ದಿಗೂ ಹಾಗೆ ಕರೆಯುತ್ತಿದ್ದರು, ಹಾಗಾಗಿ ಕಾರ್ಡೀಲಿಯ. ಆದರೆ ವಿದೂಷಕ ಮೂರನೇ ಅಂಕದಲ್ಲೇ ಮಾಯವಾಗುತ್ತಾನೆ, ಏನಾದ ಅಂತ ಯಾರೂ ಹೇಳುವುದಿಲ್ಲ. ಲಿಯರ್‌ನ ಕದಡಿದ ಮನಸ್ಸಿನಲ್ಲಿ ಇಬ್ಬರೂ ಒಂದಾಗಿದ್ದಾರೆ ಅಂತ ಓದುವವರಿದ್ದಾರೆ. ಎರಡು ಪಾತ್ರವನ್ನೂ ಒಬ್ಬನೇ ಮಾಡಿರಬಹುದು ಅಂತಲೂ ವಾದವಿದೆ, ಯಾಕೆಂದರೆ ಇಬ್ಬರೂ ಒಟ್ಟಿಗೆ ರಂಗಕ್ಕೆ ಬರುವುದೇ ಇಲ್ಲ. ಕನ್ನಡದಲ್ಲಿ 'ವಿದೂಷಕ' ಅಂದರೆ ಮಗಳು ಹೋದಳು, 'ಮುದ್ದು ಮಗಳೇ' ಅಂದರೆ ವಿದೂಷಕ ಹೋದ.

ರಂಗದ ಹಿಂದೆ:

ಇದಕ್ಕೆ ನನ್ನ ಅಜ್ಜಿಯ ಮಾತೇ ಸಹಾಯಕ್ಕೆ ಬಂತು. ಮನೆಯ ಮಕ್ಕಳನ್ನು, ಹುಡುಗ ಹುಡುಗಿ ಅಂತಿಲ್ಲದೆ, "ನನ್ನ ಪೆದ್ದೇ" ಅಂತ ಕರೆಯುತ್ತಿದ್ದಳು. ಕನ್ನಡದಲ್ಲಿ ಮಗು ನಪುಂಸಕ, 'ಅದು'. ಹಾಗಾಗಿ "ನನ್ನ ಪಾಪದ ಪೆದ್ದನ್ನ ನೇಣಿಗೆ ಹಾಕಿದ್ರು" ಅಂತ ಬರೆದಿದ್ದೇವೆ. ಗಂಡೋ ಹೆಣ್ಣೋ ಅಂತ ವಾಕ್ಯ ಹೇಳುವುದಿಲ್ಲ. ಎರಡನೇ ಅಂಕದಲ್ಲಿ, ಬಿರುಗಾಳಿ ಏಳುವ ಮುಂಚೆ, ಲಿಯರ್ ವಿದೂಷಕನನ್ನು 'ಪೆದ್ದೇ' ಅಂತ ಕರೆಯುವ ಹಾಗೆ ಮಾಡಿದ್ದೇವೆ. ಕೇಳಿದವರ ಕಿವಿಯಲ್ಲಿ ಅದು ಉಳಿದಿದ್ದರೆ ಕೊನೆಯಲ್ಲಿ ಇಬ್ಬರೂ ಬರುತ್ತಾರೆ.

ತುಂಗೆ:

ನಾನು ಸಾಹಿತ್ಯ ಓದಿದವಳಲ್ಲ. ತಂಗಿ ಈ ಚರ್ಚೆ ಕಳಿಸಿದಳು, ಮೂರು ದಿನದಿಂದ ಓದುತ್ತಿದ್ದೇನೆ. ಅಪ್ಪನಿಗೆ ಮರೆವಿನ ಕಾಯಿಲೆ. ನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ಚೆನ್ನಾಗಿದ್ದಾಗ ನಾನು ಒಂದು ಮದುವೆ ಮಾಡಿಕೊಳ್ಳಲು ಹೊರಟೆ, ಒಪ್ಪಲಿಲ್ಲ, ಆರು ವರ್ಷ ಮಾತು ಬಿಟ್ಟಿದ್ದರು.

ನೀವೆಲ್ಲ ಮೊದಲ ದೃಶ್ಯ, ಕೊನೆಯ ದೃಶ್ಯ ಅನ್ನುತ್ತಿದ್ದೀರಿ. ನಾಲ್ಕನೇ ಅಂಕದ ಕೊನೆಯಲ್ಲಿ ಲಿಯರ್ ನಿದ್ದೆಯಿಂದ ಎದ್ದು ಮಗಳನ್ನು ನೋಡುತ್ತಾನಲ್ಲ, ಅದನ್ನು ಯಾರೂ ಹೇಳಲಿಲ್ಲ. "ನನಗೆ ಎಂಬತ್ತು ದಾಟಿದೆ. ನಿಜ ಹೇಳಬೇಕು ಅಂದ್ರೆ ನನ್ನ ಬುದ್ಧಿ ಸರಿಯಾಗಿಲ್ಲ ಅನ್ಸುತ್ತೆ. ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ. ರಾತ್ರಿ ಎಲ್ಲಿ ಮಲಗಿದ್ದೆ ಗೊತ್ತಿಲ್ಲ." ನಮ್ಮನೆಯಲ್ಲಿ ಬೆಳಿಗ್ಗೆ ಇದೇ ಮಾತು. ಅಪ್ಪ ನನ್ನ ಕೆನ್ನೆ ಮುಟ್ಟಿ ನೋಡುತ್ತಾರೆ. ಲಿಯರ್ ಕೂಡ "ನಿನ್ನ ಕಣ್ಣೀರು ಒದ್ದೆಯಾಗಿದೆಯಾ?" ಅಂತ ಕೇಳಿ ನೋಡುತ್ತಾನೆ.

ಆಮೇಲೆ ಅವನು ಅನ್ನುತ್ತಾನೆ: ನಿನ್ನ ಅಕ್ಕಂದಿರು ನನಗೆ ಅನ್ಯಾಯ ಮಾಡಿದರು, ಅವರಿಗೆ ಕಾರಣ ಇರಲಿಲ್ಲ, ನಿನಗೆ ಇದೆ. ಅದಕ್ಕೆ ಅವಳು, "ಕಾರಣ ಇಲ್ಲ, ಕಾರಣ ಇಲ್ಲ."

ಅವಳಿಗೆ ಕಾರಣ ಇದೆ. ನನಗೂ ಇತ್ತು. ಅವಳು ಹೇಳಿದ್ದು ಸುಳ್ಳು. ಮೊದಲ ದೃಶ್ಯದಲ್ಲಿ ಒಂದು ಸುಳ್ಳು ಹೇಳಿ ರಾಜ್ಯ ತೆಗೆದುಕೊಳ್ಳದ ಹುಡುಗಿ ಇಲ್ಲಿ ಯಾವ ಲಾಭವೂ ಇಲ್ಲದೆ ಸುಳ್ಳು ಹೇಳುತ್ತಾಳೆ. ಸಾಧನಕೇರಿ ಸಾರ್, ಅವಳಿಗೆ ಬಗ್ಗೋಕೆ ಬರಲ್ಲ ಅಂದಿರಿ. ಇಲ್ಲಿ ಬಗ್ಗಿದ್ದಾಳೆ. ಅಪ್ಪ ಮಂಡಿಯೂರಲು ಹೋದರೆ ಬೇಡ ಅಂತ ತಡೆಯುತ್ತಾಳೆ.

ಸಾಧನಕೇರಿ:

ತಂಗೀ, ನಿನ್ನೆ ರಾತ್ರಿ ಇದನ್ನ ಓದಿದೆ. ಉತ್ತರ ಬರಿಯಾಕ ಬೆಳಗಾತು.

ನಾ ಮೂವತ್ತು ಸಲ ಓದಿದ ನಾಟಕ. ಆ ಸಾಲು ಕ್ಷಮೆ ಅಂತ ಮಾತ್ರ ತಿಳಕೊಂಡಿದ್ದೆ, ಸುಳ್ಳು ಅಂತ ಹೊಳದಿರಲಿಲ್ಲ. ಮೊದಲ ನಾ ಹೇಳಿದ್ದು ಅರ್ಧ ತಪ್ಪು. ಆಕಿಗೆ ಗರ್ವ ಇತ್ತು ಅನ್ನೂದು ಈಗಲೂ ಹೇಳ್ತೀನಿ. ಆದ್ರ ಅದು ನಾಲ್ಕನೇ ಅಂಕದಾಗ ತೀರಿಹೋಗೇತಿ, ಅಪ್ಪಂದೂ ತೀರೇತಿ. ಇಬ್ಬರ ಬಾಕಿಯೂ ಚುಕ್ತಾ ಆದ ಮ್ಯಾಲೆ ಬರೂ ಸಾವು ಅದು. ದೋಷಕ್ಕ ಶಿಕ್ಷೆ ಆಗಿದ್ರ ಇಷ್ಟು ತಡ ಮಾಡಿ ಬರಬಾರದಿತ್ತು. ಮೇಡಂ ಅವರ ಕೊನೆ ಬೆಂಚಿನ ಹುಡುಗಿಗೆ ಇದನ್ನ ಹೇಳ್ರಿ.

ಕಟ್ಟೆಮನೆ:

ತುಂಗೆಯಮ್ಮ, ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ.

ಒಂದು ಸೇರಿಸುತ್ತೇನೆ. ಯಾನ್ ಕಾಟ್ ಎಂಬ ಪೋಲಿಷ್ ವಿಮರ್ಶಕ ಈ ನಾಟಕವನ್ನು ಅಸಂಗತ ನಾಟಕಕಾರ ಬೆಕೆಟ್‌ನ ಜೊತೆ ಇಟ್ಟು ಓದಿದ, ದೇವರೂ ಇಲ್ಲದ, ಅರ್ಥವೂ ಇಲ್ಲದ ಲೋಕ ಅಂತ. ಪೀಟರ್ ಬ್ರೂಕ್ 1962ರಲ್ಲಿ ಪಾಲ್ ಸ್ಕೋಫೀಲ್ಡ್‌ನನ್ನು ಲಿಯರ್ ಮಾಡಿ ಆಡಿಸಿದ ಪ್ರಯೋಗಕ್ಕೆ ಆ ಓದಿನ ಗಾಳಿ ಬೀಸಿತ್ತು. ಗ್ಲಾಸ್ಟರ್‌ನ ಕಣ್ಣು ಕಿತ್ತ ಮೇಲೆ ಇಬ್ಬರು ಸೇವಕರು ಮರುಗಿ, ರಕ್ತ ಸುರಿಯುವ ಮುಖಕ್ಕೆ ನಾರುಬಟ್ಟೆ ಮತ್ತು ಮೊಟ್ಟೆಯ ಬಿಳಿ ತಂದು ಹಚ್ಚೋಣ ಅನ್ನುವ ಮಾತಿದೆ. 'ಹಳೆಪುಸ್ತಕ' ಅವರಿಗೆ ಗೊತ್ತಿರುತ್ತದೆ, ಅದು ಕ್ವಾರ್ಟೊದಲ್ಲಿ ಮಾತ್ರ ಇದೆ. ಬ್ರೂಕ್ ಅದನ್ನು ತೆಗೆದುಹಾಕಿದ. ದೊಡ್ಡ ನಿರ್ದೇಶಕ, ಆದರೆ ಈ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಟೇಟ್ ಸಾವನ್ನು ತೆಗೆದ, ಬ್ರೂಕ್ ಮರುಕವನ್ನು ತೆಗೆದ. ಷೇಕ್ಸ್‌ಪಿಯರ್ ಎರಡನ್ನೂ ಇಟ್ಟಿದ್ದಾನೆ. ಹೆಸರಿಲ್ಲದ ಒಬ್ಬ ಆಳು ಮೊಟ್ಟೆಯ ಬಿಳಿ ತರಲು ಓಡುತ್ತಾನೆ, ಅದೇ ಲೋಕದಲ್ಲಿ ಹೆಸರಿಲ್ಲದ ಇನ್ನೊಬ್ಬ ಚೀಟಿ ಹಿಡಿದು ನೇಣು ಬಿಗಿಯಲು ಹೋಗುತ್ತಾನೆ.

ಬಿ.ಎಂ.ಶ್ರೀ 'ಟ್ರಾಜಿಡಿ'ಗೆ 'ರುದ್ರನಾಟಕ' ಅನ್ನುವ ಪದ ಬಳಸಿದರು. 'ದುರಂತ' ಅಂದರೆ ಕೊನೆ ಕೆಟ್ಟದ್ದು ಅಂತ ಮಾತ್ರ ಆಗುತ್ತದೆ. ಲಿಯರ್ ಓದುವಾಗಲೆಲ್ಲ ಶ್ರೀಯವರ ಪದವೇ ಸರಿ ಅನ್ನಿಸುತ್ತದೆ.

ಮಳೆಬೆಳಕು:

ಇವತ್ತು ತರಗತಿಯಲ್ಲಿ ನಾಲ್ಕನೇ ಅಂಕ ಮತ್ತೆ ಓದಿಸಿದೆ. ತುಂಗೆ ಅವರ ಮಾತನ್ನು, ಹೆಸರು ಹೇಳದೆ, ಮಕ್ಕಳ ಮುಂದಿಟ್ಟೆ. ಕೊನೆ ಬೆಂಚಿನ ಹುಡುಗಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 'ಸುಳ್ಳು' ಅಂತ ಬರೆದುಕೊಂಡಳು. ಮುಂದಿನ ಪರೀಕ್ಷೆಗೆ 'ದುರಂತ ದೋಷ'ದ ಪ್ರಶ್ನೆ ಕೇಳುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ, ಅಲ್ಲಿ ಅದು ಬಂದರೆ ಏನು ಬರೆಯಬೇಕು ಅಂತ ಮಕ್ಕಳು ಕೇಳುತ್ತಿದ್ದಾರೆ. ಅವರಿಗೆ ಅಂಕವೂ ಬೇಕಲ್ಲ. ಇದಕ್ಕೆ ಇನ್ನೂ ದಾರಿ ಕಂಡಿಲ್ಲ.

ರಂಗದ ಹಿಂದೆ:

ತಾಲೀಮಿನ ಸುದ್ದಿ ಹೇಳುತ್ತೇನೆ. ಶನಿವಾರ ಕೊನೆಯ ದೃಶ್ಯ ಎತ್ತಿಕೊಂಡೆವು. ನಮ್ಮ ಲಿಯರ್‌ಗೆ ಅರವತ್ತೊಂದು ವರ್ಷ, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾರ್ಡೀಲಿಯಳನ್ನು ನೇಪಥ್ಯದಿಂದ ಹೊತ್ತು ತರುವುದು ಅವರಿಗೆ ಕಷ್ಟ, ಸೊಂಟ ನೋವು. ಆದರೂ ಬೇರೆಯವರು ಹೊರುವುದು ಬೇಡ ಅಂದರು. ಹನ್ನೆರಡು ಹೆಜ್ಜೆ. ಇಳಿಸುವಷ್ಟರಲ್ಲಿ ನಿಜವಾಗಿಯೂ ಏದುಸಿರು ಬಂದಿತ್ತು. ಆಮೇಲೆ ಕನ್ನಡಿ ಕೇಳುವುದು, ಅವಳ ಉಸಿರು ಗಾಜಿನ ಮೇಲೆ ಮಂಜಾಗುತ್ತದಾ ನೋಡುವುದು, ಗರಿ ಅಲುಗಿತು ಅನ್ನುವುದು. ಆ ಗರಿ ಅಲುಗಿದ್ದು ಅವರದೇ ಏದುಸಿರಿಗೆ. ಯಾರೂ ಹೇಳಿಕೊಟ್ಟದ್ದಲ್ಲ.

ಐದು 'ಇಲ್ಲ'ದಲ್ಲಿ ನಾಲ್ಕನೆಯದು ಅರ್ಧ ಬಂತು, ಐದನೆಯದಕ್ಕೆ ತುಟಿ ಮಾತ್ರ ಆಡಿತು. ಹಾಗೇ ಇಟ್ಟುಕೊಂಡಿದ್ದೇವೆ. ಸಾಧನಕೇರಿ ಅವರು ಹೇಳಿದ ಮೌನ ತಾನಾಗೇ ಬಂತು.

ಆಮೇಲೆ ಗುಂಡಿ. ಬಿರುಗಾಳಿಯ ದೃಶ್ಯದಲ್ಲಿ ಇದೇ ಲಿಯರ್ "ಎಲ್ಲ ಎರವಲು, ಬಿಚ್ಚಿ ಎಸೆಯಿರಿ, ಬನ್ನಿ ಗುಂಡಿ ಬಿಚ್ಚಿ" ಅಂತ ಬಟ್ಟೆ ಹರಿದುಕೊಳ್ಳುತ್ತಾನೆ. ಅದು ಅಪ್ಪಣೆ. ಇಲ್ಲಿ, "ದಯವಿಟ್ಟು ಈ ಗುಂಡಿ ಬಿಚ್ಚಿ." ಬಿಚ್ಚಿದ ಮೇಲೆ "ಥ್ಯಾಂಕ್ ಯೂ, ಸರ್." ದೊರೆಯಾಗಿದ್ದವನು ಯಾರೋ ಒಬ್ಬನಿಗೆ 'ಸರ್' ಅನ್ನುತ್ತಾನೆ. ನಾವು "ಉಪಕಾರ ಆಯ್ತು, ಯಜಮಾನ್ರೇ" ಅಂತ ಇಟ್ಟಿದ್ದೇವೆ. ಸಂತೆಯಲ್ಲಿ ಮೂಟೆ ಎತ್ತಿಕೊಟ್ಟವನಿಗೆ ಮುದುಕರು ಹೇಳುವ ಮಾತು. ನಮ್ಮ ಲಿಯರ್ ಅದನ್ನು ಹೇಳಿದಾಗ ಕೆಂಟ್ ಮಾಡುವ ಹುಡುಗ ಮುಖ ತಿರುಗಿಸಿಕೊಂಡ.

ಗುಂಡಿ ಯಾರದು ಅನ್ನುವುದು ಮಾತ್ರ ತೀರ್ಮಾನವಾಗಿಲ್ಲ. ಉಸಿರು ಕಟ್ಟುತ್ತಿರುವ ಲಿಯರ್‌ನದೋ, ಉಸಿರಾಡಲಿ ಅಂತ ಅವನು ಬಯಸುವ ಕಾರ್ಡೀಲಿಯಳದೋ? ಮೂಲದಲ್ಲಿ 'ಈ ಗುಂಡಿ' ಅಂತಷ್ಟೇ ಇದೆ. ಮೊದಲ ಸಲ ಅವರ ಅಂಗಿಯದು ಬಿಚ್ಚಿದೆವು. ಬರುವ ಶನಿವಾರ ಅವಳ ಕೊರಳ ಹತ್ತಿರದ್ದು ಬಿಚ್ಚಿ ನೋಡುತ್ತೇವೆ. ಉಡುಪು ಹೊಲಿಯುವ ಅಕ್ಕ ಎರಡಕ್ಕೂ ಗುಂಡಿ ಇಟ್ಟಿದ್ದಾರೆ.